ಕೂಲೆಂಟ್ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕು?

(ಲೋಹ ಕತ್ತರಿಸುವಾಗ ಕೂಲೆಂಟ್ ಬಳಕೆ ತಗ್ಗಿಸುವುದು ಹೇಗೆ ಎಂಬ ಉಪನ್ಯಾಸದ ಬರಹ ರೂಪ)

ತಿರುಗುವ ಹಲ್ಲುಗಳಿಂದ ಲೋಹ ಕತ್ತರಿಸುವ ಮಿಲ್ಲಿಂಗ್ ಮಷಿನ್ನಿನ ಪಂಪು, ಕತ್ತರಿಸುವ ಜಾಗಕ್ಕೆ ನಿಮಿಷಕ್ಕೆ 20 ಲೀಟರ್ ಕೂಲೆಂಟ್, ಅಂದರೆ ಎಣ್ಣೆ ಬೆರೆಸಿದ ನೀರು, ಸುರಿಯುತ್ತದೆ ಅಂದುಕೊಳ್ಳಿ. ಗಂಟೆಗೆ 1,200 ಲೀಟರ್ ಆಯಿತು. ಅದೇ ಮಷಿನ್ನಿನಲ್ಲಿ ಎಷ್ಟೋ ಕೆಲಸಗಳನ್ನು ಗಂಟೆಗೆ 30 ಮಿಲಿಲೀಟರ್ ಎಣ್ಣೆಯಲ್ಲಿ ಮುಗಿಸಬಹುದು. ಅಂದರೆ ನಿಮಿಷಕ್ಕೆ ಅರ್ಧ ಮಿಲಿ, ಹತ್ತು ಹನ್ನೆರಡು ಹನಿ ಅಷ್ಟೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಚಪ್ಪಾಳೆ ಹೊಡೆಯುವುದು ಸುಲಭ, ಆದರೆ ಅದು ಸರಿಯಾದ ಹೋಲಿಕೆಯಲ್ಲ. 1,200 ಲೀಟರ್ ಸುತ್ತಿ ಸುತ್ತಿ ಟ್ಯಾಂಕಿಗೇ ಮರಳುತ್ತದೆ. 30 ಮಿಲಿ ಹೋದದ್ದು ಹೋದಂತೆಯೇ. ಹೋಲಿಸಬೇಕಾದದ್ದು ವರ್ಷವಿಡೀ ಟ್ಯಾಂಕಿಗೆ ಸೇರಿಸಿದ ಎಣ್ಣೆ, ಸೇರಿಸಿದ ನೀರು, ಹೊರಹಾಕಿದ ಹಳೆ ದ್ರವ, ಚಿಪ್ಸ್‌ಗೆ (ಕತ್ತರಿಸಿದಾಗ ಕಳಚಿ ಬೀಳುವ ಲೋಹದ ಚೂರುಗಳಿಗೆ) ಅಂಟಿ ಹೋದದ್ದು, ಪಂಪಿನ ವಿದ್ಯುತ್ತು, ಜಾಬ್ (ಕತ್ತರಿಸಿ ಮಾಡುವ ಭಾಗ) ತೊಳೆಯುವ ಖರ್ಚು. ಇವೆಲ್ಲ ಬೇರೆಬೇರೆ ಖಾತೆಗಳಲ್ಲಿ ಕೂತಿರುವುದರಿಂದಲೇ ಕೂಲೆಂಟ್ ಅಗ್ಗ ಎಂಬ ಭಾವನೆ ಬೇರೂರಿದೆ. 1990ರ ದಶಕದಲ್ಲಿ ಜರ್ಮನಿಯ ಕಾರು ಉದ್ಯಮ ಈ ಖಾತೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬಿಡಿಭಾಗ ತಯಾರಿಕೆಯ ವೆಚ್ಚದಲ್ಲಿ ಶೇ. 7ರಿಂದ 17ರಷ್ಟು ಕೂಲೆಂಟ್ ಸಂಬಂಧದ್ದೇ ಆಗಿತ್ತು. ಕತ್ತರಿಸುವ ಟೂಲ್‌ಗಳ ಪಾಲು ಶೇ. 2ರಿಂದ 4 ಮಾತ್ರ. ಟೂಲ್ ಉಳಿಸಲೆಂದು ಟೂಲ್‌ಗಿಂತ ದುಬಾರಿಯಾದದ್ದನ್ನು ಸುರಿಯುತ್ತಿದ್ದರು.

ಕೂಲೆಂಟ್ ಹೇಗೆ ಬಂತು ಎಂಬುದನ್ನು ಒಂದು ನಿಮಿಷ ನೋಡೋಣ. 1883ರಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್, ಚಿಪ್ ಕಳಚುವ ಜಾಗಕ್ಕೇ ನೀರಿನ ದಪ್ಪ ಧಾರೆ ಬಿಟ್ಟರೆ ಉಕ್ಕನ್ನು ಕತ್ತರಿಸುವ ವೇಗವನ್ನು ಶೇ. 30ರಿಂದ 40ರಷ್ಟು ಏರಿಸಬಹುದೆಂದು ಕಂಡುಕೊಂಡರು. ಮರುವರ್ಷ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯ ಹೊಸ ಶಾಪನ್ನೇ ಆ ಲೆಕ್ಕದಲ್ಲಿ ಕಟ್ಟಿದರು. ಪ್ರತಿ ಮಷಿನ್ನಿನ ಕೆಳಗೆ ಕಬ್ಬಿಣದ ತಟ್ಟೆ, ತುಕ್ಕು ಹಿಡಿಯದಿರಲೆಂದು ನೀರಿನಲ್ಲಿ ಸೋಡಾ. ಆಗಿನ ಟೂಲ್‌ಗಳು ಕಾರ್ಬನ್ ಸ್ಟೀಲಿನವು, ಸ್ವಲ್ಪ ಕಾದರೂ ಮೆತ್ತಗಾಗುವಂಥವು. ಆಮೇಲೆ ಹೈಸ್ಪೀಡ್ ಸ್ಟೀಲ್ (ಎಚ್‌ಎಸ್‌ಎಸ್) ಬಂತು, 1920ರ ದಶಕದಲ್ಲಿ ಕಾರ್ಬೈಡ್ ಎಂಬ ಅತಿ ಗಡಸು ವಸ್ತು ಬಂತು, ಅದರ ಮೇಲೆ ಕೋಟಿಂಗ್‌ಗಳು ಬಂದವು. ಟೂಲ್ ಪೂರ್ತಿ ಬದಲಾಯಿತು, ನೀರಿನ ಧಾರೆ ಮಾತ್ರ ಹಾಗೇ ಉಳಿಯಿತು.

ನಾವು ಹೇಳಬೇಕಾದ ಮುಖ್ಯ ಮಾತು ಇದು. ಕೂಲೆಂಟ್ ನಾಲ್ಕು ಕೆಲಸ ಮಾಡುತ್ತಿರುತ್ತದೆ: ತಂಪು ಮಾಡುವುದು, ಜಾರಿಕೆ ಕೊಡುವುದು, ಚಿಪ್ಸ್ ತೊಳೆದು ಸಾಗಿಸುವುದು, ತುಕ್ಕು ತಡೆಯುವುದು. ಕೂಲೆಂಟ್ ನಲ್ಲಿ ಮುಚ್ಚುವ ಮೊದಲು ಈ ನಾಲ್ಕಕ್ಕೂ ಹೊಸ ವಾರಸುದಾರರನ್ನು ಗೊತ್ತುಮಾಡಬೇಕು. ಒಣ ಮಷಿನಿಂಗ್ ಮಾಡಿ ನೋಡಿದೆವು, ಆಗಲಿಲ್ಲ ಎನ್ನುವ ಕಡೆಗಳಲ್ಲೆಲ್ಲ ವಿಚಾರಿಸಿದರೆ, ಈ ನಾಲ್ಕರಲ್ಲಿ ಯಾವುದೋ ಒಂದನ್ನು ಅನಾಥ ಬಿಟ್ಟಿರುತ್ತಾರೆ. ಹೆಚ್ಚಿನ ಸಲ ಅದು ಚಿಪ್ಸ್.

ಮೊದಲು ಶಾಖದ ಲೆಕ್ಕ

ಮಧ್ಯಮ ಗಡಸಿನ ಉಕ್ಕನ್ನು ಕೋಟೆಡ್ ಕಾರ್ಬೈಡ್ ಇನ್ಸರ್ಟ್‌ನಲ್ಲಿ (ಸವೆದಾಗ ಬದಲಿಸುವ ಅಂಚಿನ ತುಣುಕು) ಟರ್ನಿಂಗ್, ಅಂದರೆ ಜಾಬನ್ನು ತಿರುಗಿಸಿ ಕತ್ತರಿಸುವುದು, ಮಾಡುತ್ತಿದ್ದೇವೆ: ವೇಗ ನಿಮಿಷಕ್ಕೆ 200 ಮೀಟರ್, ಫೀಡ್ (ಒಂದು ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ) 0.25 ಮಿ.ಮೀ., ಕಟ್‌ನ ಆಳ 2 ಮಿ.ಮೀ. ನಿಮಿಷಕ್ಕೆ 100 ಘನ ಸೆಂ.ಮೀ. ಲೋಹ, ಅಂದರೆ 785 ಗ್ರಾಂ, ಹೊರಬರುತ್ತದೆ. ಒಂದು ಘನ ಮಿ.ಮೀ. ಉಕ್ಕು ತೆಗೆಯಲು ಸುಮಾರು 2.2 ಜೂಲ್ ಹಿಡಿದರೆ ಇದಕ್ಕೆ ಬೇಕಾದ ಶಕ್ತಿ 3.7 ಕಿಲೋವಾಟ್‌ನಷ್ಟು. ಅದು ಬಹುತೇಕ ಪೂರ್ತಿ ಶಾಖವಾಗುತ್ತದೆ. ಈ ವೇಗದಲ್ಲಿ ಆ ಶಾಖದ ಮುಕ್ಕಾಲಿಗಿಂತ ಹೆಚ್ಚು ಪಾಲನ್ನು ಚಿಪ್ಪೇ ಹೊತ್ತುಕೊಂಡು ಹೋಗುತ್ತದೆ. ಉಳಿದದ್ದು ಟೂಲ್‌ಗೂ ಜಾಬ್‌ಗೂ ಹಂಚಿಹೋಗುತ್ತದೆ. ಶೇ. 80 ಎಂದು ಹಿಡಿದರೆ ಚಿಪ್ ಸರಾಸರಿ 400 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಹೊರಬೀಳುತ್ತದೆ.

ಉಕ್ಕಿನ ಹೊಸ ಮೈ 300 ಡಿಗ್ರಿ ಹತ್ತಿರ ನೀಲಿಗಟ್ಟುತ್ತದೆ. ಹಾಗಾಗಿ ಒಣ ಟರ್ನಿಂಗ್‌ನಲ್ಲಿ ನೀಲಿ ಚಿಪ್ಸ್ ಬಿದ್ದರೆ ಗಾಬರಿ ಬೇಡ. ಶಾಖ ಹೋಗಬೇಕಾದ ಕಡೆಗೇ ಹೋಗುತ್ತಿದೆ ಎಂದು ಅರ್ಥ. ಗಾಬರಿಯಾಗಬೇಕಾದದ್ದು ಜಾಬ್ ಬಿಸಿಯಾದಾಗ, ಅಥವಾ ಟೂಲ್ ಎಚ್‌ಎಸ್‌ಎಸ್ ಆಗಿದ್ದು ಚಿಪ್ ನೀಲಿ ಬಂದಾಗ. ಎಚ್‌ಎಸ್‌ಎಸ್ 600 ಡಿಗ್ರಿ ಸುಮಾರಿಗೆ ಗಡಸುತನ ಕಳೆದುಕೊಳ್ಳುತ್ತದೆ. ಕಾರ್ಬೈಡ್ ಅದಕ್ಕಿಂತ ಎಷ್ಟೋ ಮೇಲಿನ ಶಾಖ ತಡೆಯುತ್ತದೆ.

ಇಷ್ಟು ವೇಗದಲ್ಲಿ ಚಿಪ್ ಟೂಲಿನ ಮೇಲೆ ಜಾರುವ ಜಾಗಕ್ಕೆ ದ್ರವ ತಲುಪುವುದೇ ಇಲ್ಲ. ಅಲ್ಲಿ ಲೋಹ ಲೋಹಕ್ಕೆ ಅಂಟಿಕೊಂಡಷ್ಟು ಒತ್ತಡ ಇರುತ್ತದೆ, ಹತ್ತಿರ ಹೋದ ನೀರು ಆವಿಯಾಗಿ ಹೋಗುತ್ತದೆ. ಸುರಿದ ಕೂಲೆಂಟ್ ತಂಪು ಮಾಡುವುದು ಸುತ್ತಮುತ್ತಲನ್ನು. ನಿಧಾನದ ಕೆಲಸಗಳಲ್ಲಿ, ಅಂದರೆ ಟ್ಯಾಪಿಂಗ್ (ತೂತಿನೊಳಗೆ ಥ್ರೆಡ್ ಕೊರೆಯುವುದು), ರೀಮಿಂಗ್ (ತೂತನ್ನು ನುಣುಪಾಗಿಸಿ ಅಳತೆಗೆ ತರುವುದು), ಬ್ರೋಚಿಂಗ್‌ಗಳಲ್ಲಿ (ಸಾಲುಹಲ್ಲಿನ ಟೂಲನ್ನು ಎಳೆದು ಕತ್ತರಿಸುವುದು), ಪರಿಸ್ಥಿತಿ ಪೂರ್ತಿ ಬೇರೆ. ಅಲ್ಲಿ ಎಣ್ಣೆ ಒಳಗೆ ನುಸುಳುತ್ತದೆ ಮತ್ತು ಅದರ ಜಾರಿಕೆ ನಿಜಕ್ಕೂ ಬೇಕು.

ಮಿಲ್ಲಿಂಗ್‌ನಲ್ಲಂತೂ ಕೂಲೆಂಟ್ ಎಷ್ಟೋ ಸಲ ಕೆಡುಕೇ ಮಾಡುತ್ತದೆ. ಹಲ್ಲು ಲೋಹದೊಳಗಿದ್ದಾಗ ಕಾಯುತ್ತದೆ, ಹೊರಬಂದಾಗ ತಣ್ಣಗಿನ ಧಾರೆಗೆ ಸಿಕ್ಕುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಹೀಗಾದರೆ ಕಾರ್ಬೈಡ್ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ, ಅಂಚಿಗೆ ಅಡ್ಡಡ್ಡವಾಗಿ ಸಣ್ಣ ಬಿರುಕುಗಳು ಏಳುತ್ತವೆ. ನಿಮ್ಮಲ್ಲಿ ಫೇಸ್ ಮಿಲ್‌ನಿಂದ ತೆಗೆದ ಇನ್ಸರ್ಟ್‌ಗಳನ್ನು ಹತ್ತು ಪಟ್ಟು ಹಿಗ್ಗಿಸುವ ಲೂಪ್ ಇಟ್ಟು ನೋಡಿ. ಈ ಬಿರುಕುಗಳು ಕಂಡರೆ ಆ ಕೆಲಸಕ್ಕೆ ಕೂಲೆಂಟ್ ಬಂದ್ ಮಾಡಿ ನೋಡಬಹುದು. ಉಕ್ಕಿನ ಮತ್ತು ಕಾಸ್ಟ್ ಐರನ್ನಿನ ರಫ್ ಮಿಲ್ಲಿಂಗ್‌ನಲ್ಲಿ ಇನ್ಸರ್ಟ್ ಹೆಚ್ಚು ಬಾಳುವುದೇ ಸಾಮಾನ್ಯ. ಖರ್ಚಿಲ್ಲದ ಮೊದಲ ಹೆಜ್ಜೆ ಇದು.

ಇರುವ ಟ್ಯಾಂಕನ್ನು ನೆಟ್ಟಗೆ ನೋಡಿಕೊಳ್ಳುವುದು

ಹೊಸ ಉಪಕರಣ ಕೊಳ್ಳುವ ಮೊದಲು ಇದು ಆಗಲೇಬೇಕು. ಟ್ಯಾಂಕನ್ನು ಮೂರು ತಿಂಗಳಿಗೆ ಖಾಲಿ ಮಾಡುವವರು ವರ್ಷಕ್ಕೊಮ್ಮೆ ಖಾಲಿ ಮಾಡುವಂತಾದರೆ ಹೊರಹೋಗುವ ಕೊಳಕು ದ್ರವ ಕಾಲು ಭಾಗಕ್ಕೆ ಇಳಿಯಿತು.

ನೀರಲ್ಲಿ ಬೆರೆಸುವ ಎಣ್ಣೆಯ ಸಾಂದ್ರತೆ ಸಾಮಾನ್ಯವಾಗಿ ಶೇ. 5ರಿಂದ 10. ಅದನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, ಬಂದ ಅಂಕಿಯನ್ನು ಆ ಎಣ್ಣೆಯ ಡಬ್ಬದ ಮೇಲಿರುವ ಫ್ಯಾಕ್ಟರಿನಿಂದ ಗುಣಿಸಬೇಕು. ಎಷ್ಟೋ ಕಡೆ ಈ ಗುಣಾಕಾರವನ್ನೇ ಮರೆಯುತ್ತಾರೆ. ಫ್ಯಾಕ್ಟರ್ 1.5 ಇದ್ದು ಮೀಟರ್ 6.3 ತೋರಿಸಿದರೆ ನಿಜವಾದ ಸಾಂದ್ರತೆ 9.5.

ಈಗ ಈ ಉದಾಹರಣೆ ನೋಡಿ. ಟ್ಯಾಂಕು 200 ಲೀಟರಿನದು, ಬೇಕಾದ ಸಾಂದ್ರತೆ ಶೇ. 8. ವಾರದ ಕೊನೆಗೆ ಮಟ್ಟ 150 ಲೀಟರಿಗೆ ಇಳಿದಿದೆ, ಸಾಂದ್ರತೆ 9.5ಕ್ಕೆ ಏರಿದೆ, ಏಕೆಂದರೆ ಆವಿಯಾಗುವುದು ನೀರು, ಎಣ್ಣೆಯಲ್ಲ. ಈಗ ಟ್ಯಾಂಕಿನಲ್ಲಿರುವ ಎಣ್ಣೆ 14.25 ಲೀಟರ್. ತುಂಬಿದಾಗ ಇರಬೇಕಾದದ್ದು 16. ಸೇರಿಸಬೇಕಾದ 50 ಲೀಟರಿನಲ್ಲಿ ಎಣ್ಣೆ 1.75 ಲೀಟರ್ ಸಾಕು, ಅಂದರೆ ಶೇ. 3.5. ಬರೀ ನೀರು ಹಾಕಿದರೆ ಸಾಂದ್ರತೆ ಶೇ. 7ರ ಆಸುಪಾಸಿಗೆ ಇಳಿಯುತ್ತದೆ. ನಾಲ್ಕೈದು ವಾರ ಹೀಗೇ ಮಾಡಿದರೆ ತುಕ್ಕು, ವಾಸನೆ ಎರಡೂ ಬರುತ್ತವೆ. ಅಳತೆಯಿಲ್ಲದೆ ಬಕೆಟ್ಟಿನಲ್ಲಿ ಎಣ್ಣೆ ಸುರಿದರೆ ಶೇ. 12, 14ಕ್ಕೆ ಏರಿ ಕೈ ಚರ್ಮ ಸುಲಿಯುತ್ತದೆ, ಚಿಪ್ಸ್ ಜೊತೆ ಎಣ್ಣೆ ಹೊರಟುಹೋಗುತ್ತದೆ. ಬೆರೆಸುವಾಗ ಯಾವಾಗಲೂ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ತಿರುವುಮುರುವಾದರೆ ಗಟ್ಟಿ ಮೊಸರಿನಂತೆ ಮುದ್ದೆಯಾಗುತ್ತದೆ, ಆಮೇಲೆ ಎಷ್ಟು ಕಲಕಿದರೂ ಸರಿಯಾಗದು.

ನೀರಿನ ಗಡಸುತನವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲ ತುಂಬುವಾಗ 100 ಪಿಪಿಎಂ ಆಸುಪಾಸಿನ ನೀರು ಒಳ್ಳೆಯದು. ತೀರಾ ಮೆದು ನೀರು ನೊರೆ ಎಬ್ಬಿಸುತ್ತದೆ. ಆಮೇಲೆ ವಾರವಾರ ಸೇರಿಸುವುದು ಮಾತ್ರ ಖನಿಜ ತೆಗೆದ ನೀರಾಗಿರಬೇಕು. ನೀರು ಆವಿಯಾಗುತ್ತಿದ್ದಂತೆ ಲವಣಗಳು ಟ್ಯಾಂಕಿನಲ್ಲೇ ಉಳಿದು ದಟ್ಟವಾಗುತ್ತವೆ, ಎಣ್ಣೆಯನ್ನು ನೀರಿನಿಂದ ಬೇರ್ಪಡಿಸಿಬಿಡುತ್ತವೆ.

ರಜೆ ಮುಗಿಸಿ ಬಂದ ದಿನ ಮಷಿನ್ ಚಾಲೂ ಮಾಡಿದೊಡನೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಎಲ್ಲರಿಗೂ ಗೊತ್ತಿರುವ ಕಾಟ. ಸ್ಲೈಡ್‌ವೇ ಎಣ್ಣೆ, ಹೈಡ್ರಾಲಿಕ್ ಎಣ್ಣೆ ಸೋರಿ ಮೇಲೆ ಪದರ ಕಟ್ಟುತ್ತದೆ. ಪಂಪು ನಿಂತಾಗ ಕೆಳಗಿನ ದ್ರವಕ್ಕೆ ಗಾಳಿ ಸಿಗುವುದಿಲ್ಲ. ಆಗ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಬೆಳೆದು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಪಿಎಚ್ 8.5ರಿಂದ 9.5ರ ನಡುವೆ ಇರಬೇಕಾದದ್ದು ಕುಸಿಯುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಸುರಿಯುವುದು ಕೊನೆಯ ಉಪಾಯ. ಮೊದಲು ಸ್ಕಿಮ್ಮರ್ ಹಾಕಿ ಮೇಲಿನ ಎಣ್ಣೆ ತೆಗೆಯಿರಿ, ಅದು ಶೇ. 2 ಮೀರಬಾರದು. ರಜಾದಿನಗಳಲ್ಲಿ ಟೈಮರ್ ಇಟ್ಟು ಪಂಪನ್ನು ಆಗಾಗ ಹತ್ತು ನಿಮಿಷ ಓಡಿಸಿ, ಅಥವಾ ಮೀನಿನ ತೊಟ್ಟಿಗೆ ಹಾಕುವಂಥ ಸಣ್ಣ ಗಾಳಿ ಪಂಪಿನಿಂದ ಗುಳ್ಳೆ ಬಿಡಿ. ಅದು ಕಾಸಿಗೆ ಸಿಗುವ ವಸ್ತು, ಕೆಲಸ ದೊಡ್ಡದು.

ಆರೋಗ್ಯದ ಮಾತು ಚಿಕ್ಕದಾಗಿ, ಆದರೆ ಗಟ್ಟಿಯಾಗಿ. ಕೂಲೆಂಟಿನ ಮಂಜನ್ನು ಉಸಿರಾಡುವುದರಿಂದ ಅಸ್ತಮಾ ಬರುತ್ತದೆ, ಶ್ವಾಸಕೋಶದ ಅಲರ್ಜಿ ರೋಗ ಬರುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ 1998ರಲ್ಲಿ ಶ್ವಾಸನಾಳ ತಲುಪುವ ಮಂಜಿಗೆ ಘನ ಮೀಟರಿಗೆ 0.4 ಮಿ.ಗ್ರಾಂ. ಮಿತಿ ಶಿಫಾರಸು ಮಾಡಿತು. ಬಾಗಿಲು ಮುಚ್ಚದ ಮಷಿನ್ನಿನ ಎದುರು ಬೆಳಕಿನ ಕಿರಣದಲ್ಲಿ ಮಂಜು ಕಣ್ಣಿಗೆ ಕಾಣುತ್ತಿದ್ದರೆ ಅಳೆಯುವ ಮುನ್ನವೇ ಎಚ್ಚರಾಗಬೇಕು. ಕಷ್ಟದ ಕೆಲಸಗಳ ಎಣ್ಣೆಯಲ್ಲಿ ಸೇರಿಸುತ್ತಿದ್ದ ಕಿರುಸರಪಳಿ ಕ್ಲೋರಿನೇಟೆಡ್ ಪ್ಯಾರಫಿನ್‌ಗಳು 2017ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿವೆ. ಹಳೆ ಡಬ್ಬಗಳಿದ್ದರೆ ಅವುಗಳ ಸುರಕ್ಷತಾ ಹಾಳೆ ಓದಿ.

ಹನಿಯೆಣ್ಣೆಯ ವಿಧಾನ

ಇದನ್ನು ಎಂಕ್ಯೂಎಲ್ (ಮಿನಿಮಮ್ ಕ್ವಾಂಟಿಟಿ ಲೂಬ್ರಿಕೇಶನ್) ಎನ್ನುತ್ತಾರೆ. ಗಂಟೆಗೆ 10ರಿಂದ 100 ಮಿಲಿ ಎಣ್ಣೆಯನ್ನು 4ರಿಂದ 6 ಬಾರ್ ಒತ್ತಡದ ಗಾಳಿಯ ಜೊತೆ ಕತ್ತರಿಸುವ ಅಂಚಿಗೇ ತಲುಪಿಸುವುದು. ನಾಲ್ಕು ಕೆಲಸಗಳಲ್ಲಿ ಇದು ವಹಿಸಿಕೊಳ್ಳುವುದು ಜಾರಿಕೆಯನ್ನು ಮಾತ್ರ. ಗಾಳಿ ಒಂದಿಷ್ಟು ಚಿಪ್ಸ್ ಊದುತ್ತದೆ. ತಂಪು ಮಾಡುವ ಶಕ್ತಿ ಇಲ್ಲವೆಂದೇ ಲೆಕ್ಕ ಹಾಕಬೇಕು. ಉಜ್ಜಾಟ ಕಡಿಮೆಯಾಗುವುದರಿಂದ ಶಾಖ ಹುಟ್ಟುವುದೇ ಕಡಿಮೆಯಾಗುತ್ತದೆ, ಇದರ ಲಾಭ ಅಷ್ಟೇ.

ಎಣ್ಣೆ ಯಾವುದು? ಸಿಂಥೆಟಿಕ್ ಎಸ್ಟರ್ ಅಥವಾ ಫ್ಯಾಟಿ ಆಲ್ಕೊಹಾಲ್. ಎಸ್ಟರ್ ಜಾರಿಕೆ ಹೆಚ್ಚು ಕೊಡುತ್ತದೆ, ಬೇಗ ಆವಿಯಾಗದು, ಬೆಂಕಿ ಹಿಡಿಯುವ ಬಿಂದು ಎತ್ತರ. ಡ್ರಿಲ್ಲಿಂಗ್, ಟ್ಯಾಪಿಂಗ್‌ಗೆ ಅದು. ಫ್ಯಾಟಿ ಆಲ್ಕೊಹಾಲ್ ಬೇಗ ಆರಿಹೋಗಿ ಜಾಬನ್ನು ಒಣಗಿಸಿ ಬಿಡುತ್ತದೆ, ಅಲ್ಯೂಮಿನಿಯಂನ ಹಗುರ ಮಿಲ್ಲಿಂಗ್‌ಗೆ ಹಿಡಿಸುತ್ತದೆ. ಅಡುಗೆಗೆ ಬಳಸುವಂಥ ಎಣ್ಣೆ ಹಾಕಿದರೆ ಇನ್ನೂ ಪರಿಸರಸ್ನೇಹಿಯಲ್ಲವೇ ಎಂದು ಕೇಳುವವರಿದ್ದಾರೆ. ಬೇಡ. ಅದು ಗಾಳಿಗೆ ಆಕ್ಸಿಡೀಕರಣವಾಗಿ ವಾರ್ನಿಷಿನಂತೆ ಅಂಟುಗಟ್ಟುತ್ತದೆ, ನಾಝಲ್ ಮುಚ್ಚಿಹೋಗುತ್ತದೆ, ಮಷಿನ್ನಿನ ಕವರುಗಳ ಮೇಲೆ ಕಂದು ಮೇಣ ಕೂರುತ್ತದೆ. ನೀರಿನಲ್ಲಿ ಬೆರೆಸಿದ ಕೂಲೆಂಟನ್ನಂತೂ ಈ ಯಂತ್ರದಲ್ಲಿ ಯಾವ ಕಾರಣಕ್ಕೂ ಸಿಂಪಡಿಸಬಾರದು. ಅದರಲ್ಲಿರುವ ಬ್ಯಾಕ್ಟೀರಿಯಾ, ಔಷಧಿ ಎಲ್ಲವನ್ನೂ ಆಪರೇಟರಿನ ಎದೆಗೆ ಊದಿದಂತೆ.

ಹೊರಗಿನ ನಾಝಲ್ ಇಂದ ಕೊಡುವುದು ಸುಲಭ, ಹಳೆ ಮಷಿನ್ನಿಗೂ ಒಂದು ದಿನದಲ್ಲಿ ಕೂರಿಸಬಹುದು. ಟರ್ನಿಂಗ್, ಫೇಸ್ ಮಿಲ್ಲಿಂಗ್, ಗರಗಸದ ಕೆಲಸ, ವ್ಯಾಸದ ಎರಡು ಮೂರು ಪಟ್ಟು ಆಳದವರೆಗಿನ ತೂತು ಇದಕ್ಕೆ ಸಾಕು. ಅದಕ್ಕಿಂತ ಆಳವಾದರೆ ಎಣ್ಣೆ ತಳ ಮುಟ್ಟುವುದಿಲ್ಲ, ಎದುರು ಬರುವ ಚಿಪ್ಪೇ ತಡೆಯುತ್ತದೆ. ಆಗ ಸ್ಪಿಂಡಲ್ಲಿನ (ಟೂಲನ್ನು ಹಿಡಿದು ತಿರುಗಿಸುವ ಅಚ್ಚು) ಮೂಲಕ, ಟೂಲಿನ ಒಳಗಿನ ರಂಧ್ರದಿಂದ ಕೊಡಬೇಕು. ಅದರಲ್ಲಿ ಎರಡು ಬಗೆ. ಟ್ಯಾಂಕಿನಲ್ಲೇ ಎಣ್ಣೆ ಗಾಳಿ ಬೆರೆಸಿ ಮಂಜು ಮಾಡಿ ಕಳಿಸುವುದು ಒಂದು ಕಾಲುವೆಯ ಪದ್ಧತಿ. ಹನಿಗಳು ತೀರಾ ಸಣ್ಣವಿರಬೇಕು, ಇಲ್ಲದಿದ್ದರೆ ತಿರುಗುವ ಸ್ಪಿಂಡಲ್ ಅವನ್ನು ಗೋಡೆಗೆ ಎಸೆಯುತ್ತದೆ. ಟೂಲ್ ಬದಲಾದಾಗ ಪ್ರಮಾಣ ಹೊಂದಿಕೊಳ್ಳುವುದು ನಿಧಾನ. ಎಣ್ಣೆ, ಗಾಳಿ ಎರಡನ್ನೂ ಬೇರೆಬೇರೆ ಕೊಳವೆಯಲ್ಲಿ ತಂದು ಹೋಲ್ಡರ್ ಹತ್ತಿರ ಬೆರೆಸುವುದು ಎರಡು ಕಾಲುವೆಯ ಪದ್ಧತಿ. ಹೆಚ್ಚಿನ ಆರ್‌ಪಿಎಂಗೂ ಬೇಗ ಬೇಗ ಟೂಲ್ ಬದಲಿಸುವ ಕೆಲಸಕ್ಕೂ ಇದೇ ಸರಿ, ಆದರೆ ಸ್ಪಿಂಡಲ್ ಅದಕ್ಕೆಂದೇ ಮಾಡಿದ್ದಿರಬೇಕು. ಕ್ರ್ಯಾಂಕ್‌ಶಾಫ್ಟಿನ ಎಣ್ಣೆ ರಂಧ್ರಗಳಂಥ, ವ್ಯಾಸದ 20 ಪಟ್ಟಿಗೂ ಆಳದ ತೂತುಗಳನ್ನು ಈ ಒಳಮಾರ್ಗದಿಂದಲೇ ಕೊರೆಯುತ್ತಾರೆ.

ಹೊರಗಿನ ನಾಝಲ್ ಕೂರಿಸುವುದರಲ್ಲೇ ಅರ್ಧ ಫಲಿತಾಂಶ ಅಡಗಿದೆ. ತುದಿ ಅಂಚಿನಿಂದ 20ರಿಂದ 30 ಮಿ.ಮೀ. ದೂರದಲ್ಲಿರಲಿ. ಕೂಲೆಂಟ್ ಪೈಪನ್ನು ಮೇಲಿನಿಂದ ತೋರಿಸಿ ಬಿಟ್ಟ ಹಾಗೆ ಇದನ್ನು ಬಿಡಲಾಗದು. ಮಿಲ್ಲಿಂಗ್‌ನಲ್ಲಿ ಹಲ್ಲು ಲೋಹದಿಂದ ಹೊರಬಂದು ಮತ್ತೆ ಒಳಹೋಗುವ ಮುನ್ನ ಬಯಲಿನಲ್ಲಿ ತಿರುಗುವ ಭಾಗಕ್ಕೆ ಗುರಿ ಇಡಿ. ಅಂಚು ಎಣ್ಣೆ ಹಚ್ಚಿಕೊಂಡೇ ಒಳಹೋಗುತ್ತದೆ. ಚಿಪ್ಸ್ ಹಾರುವ ಕಡೆಯಿಂದ ಊದಿದರೆ ಎಣ್ಣೆಯೆಲ್ಲ ಚಿಪ್ಸ್‌ಗೇ ಹಚ್ಚಿದಂತಾಗುತ್ತದೆ. ಟರ್ನಿಂಗ್‌ನಲ್ಲಿ ಮೇಲಿನಿಂದ ಬಿಟ್ಟರೆ ಚಿಪ್ ಅಡ್ಡ ನಿಲ್ಲುತ್ತದೆ. ಕೆಳಗಿನಿಂದ, ಫ್ಲ್ಯಾಂಕ್ (ಅಂಚಿನ ಕೆಳಗೆ ಜಾಬಿಗೆ ಎದುರಾಗಿರುವ ಟೂಲಿನ ಮೈ) ಕಡೆಯಿಂದ ಬಿಟ್ಟದ್ದು ನಿಜವಾಗಿ ತಲುಪುತ್ತದೆ. ಎರಡು ನಾಝಲ್‌ಗೆ ಜಾಗವಿದ್ದರೆ ಎರಡೂ ಕಡೆ ಇಡಿ.

ಮಷಿನ್ ಓಡಿಸುವ ಮುನ್ನ ಒಂದು ಬಿಳಿ ಕಾಗದವನ್ನು ನಾಝಲ್‌ನಿಂದ 30 ಮಿ.ಮೀ. ದೂರ ಹಿಡಿದು ಐದು ಸೆಕೆಂಡ್ ಊದಿಸಿ. ಕಾಗದದ ಮೇಲೆ ತೆಳುವಾದ, ಒಂದೇ ಸಮನಾದ ಎಣ್ಣೆಯ ವೃತ್ತ ಮೂಡಬೇಕು. ನಡುವೆ ಹನಿ ಹರಿದು ಇಳಿದರೆ ಎಣ್ಣೆ ಜಾಸ್ತಿ ಅಥವಾ ಗಾಳಿ ಕಡಿಮೆ. ಚುಕ್ಕೆ ಚುಕ್ಕೆ ಬಿದ್ದರೆ ಪಂಪು ಮಿಡಿಯುತ್ತಿದೆ ಅಥವಾ ಕೊಳವೆಯಲ್ಲಿ ಗಾಳಿಗುಳ್ಳೆ ಇದೆ. ಏನೂ ಕಾಣದಿದ್ದರೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟೋ ಸಲ ಸಾಕಷ್ಟು ಎಣ್ಣೆ ಇದ್ದೇ ಇರುತ್ತದೆ.

ಡಯಲ್ ಮೇಲಿನ ಅಂಕಿಯನ್ನು ನಂಬಬೇಡಿ. ಎಣ್ಣೆಯ ಬಾಟಲಿಯನ್ನು ತೂಗಿ, ಒಂದು ಗಂಟೆ ಓಡಿಸಿ, ಮತ್ತೆ ತೂಗಿ. ಒಂದು ಮಿಲಿ ಎಸ್ಟರ್ 0.9 ಗ್ರಾಂ ಆಸುಪಾಸು ತೂಗುತ್ತದೆ, ಆದ್ದರಿಂದ 27 ಗ್ರಾಂ ಇಳಿದರೆ 30 ಮಿಲಿ ಖರ್ಚಾಗಿದೆ. 50 ಮಿಲಿಯಿಂದ ಆರಂಭಿಸಿ ಹತ್ತು ಹತ್ತಾಗಿ ಇಳಿಸುತ್ತ, ಪ್ರತಿ ಹಂತದಲ್ಲೂ ಅಷ್ಟೇ ಜಾಬ್‌ಗಳ ನಂತರ ಫ್ಲ್ಯಾಂಕ್ ಸವೆತ ಅಳೆಯಿರಿ. ಸರಾಸರಿ 0.3 ಮಿ.ಮೀ. ಸವೆತವನ್ನು ಇನ್ಸರ್ಟಿನ ಆಯುಸ್ಸಿನ ಕೊನೆ ಎಂದು ಹಿಡಿಯುವುದು ರೂಢಿ. ಅಲ್ಲಿಗೆ ತಲುಪಲು ಬೇಕಾದ ಜಾಬ್‌ಗಳ ಸಂಖ್ಯೆ ಹಠಾತ್ತನೆ ಕುಸಿದ ಹಂತಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ. ಆಪರೇಟರ್‌ಗಳು ಭಯಕ್ಕೆ ಡಯಲ್ ತಿರುಗಿಸಿ ಹೆಚ್ಚಿಸುವುದು ಸಹಜ. ಹೆಚ್ಚಾದ ಎಣ್ಣೆ ಟೂಲಿಗೆ ಏನೂ ಸಹಾಯ ಮಾಡದು, ಗಾಳಿಯಲ್ಲಿ ಮಂಜಾಗುತ್ತದೆ, ಚಿಪ್ಸನ್ನು ಅಂಟಿಸುತ್ತದೆ. ಬಿದ್ದ ಚಿಪ್ಸ್ ಒಂದು ಹಿಡಿ ತೆಗೆದುಕೊಂಡು, ತಣ್ಣಗಾದ ಮೇಲೆ ಟಿಶ್ಯೂ ಕಾಗದದಲ್ಲಿ ಒತ್ತಿ ನೋಡಿ. ಕಾಗದ ಬಹುತೇಕ ಒಣಗಿಯೇ ಇರಬೇಕು.

ಗಾಳಿಯ ಖರ್ಚನ್ನು ಮರೆಯಬಾರದು. 2 ಮಿ.ಮೀ. ರಂಧ್ರದಿಂದ 6 ಬಾರ್‌ನಲ್ಲಿ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಗಾಳಿ ಹೋಗುತ್ತದೆ, ಅದನ್ನು ತುಂಬಲು ಕಂಪ್ರೆಸರಿಗೆ ಸುಮಾರು ಒಂದೂವರೆ ಕಿಲೋವಾಟ್ ಬೇಕು. ಜಾಬ್ ಬದಲಿಸುವಾಗಲೂ ಊದುತ್ತಿದ್ದರೆ ಉಳಿತಾಯ ಅಲ್ಲೇ ಹಾರಿಹೋಯಿತು. ಸೊಲೆನಾಯ್ಡ್ ವಾಲ್ವ್ ಹಾಕಿ ಪ್ರೋಗ್ರಾಮಿಗೆ ಕಟ್ಟಿ. ಎಂ07 ಎಂಬ ಕೋಡ್ ಮಂಜಿನ ಕೂಲೆಂಟಿಗೆಂದೇ ಇದೆ. ಕೊಳವೆ ಉದ್ದವಿದ್ದರೆ ಎಣ್ಣೆ ತುದಿಗೆ ಬರಲು ಎರಡು ಮೂರು ಸೆಕೆಂಡ್ ಹಿಡಿಯುತ್ತದೆ. ಕಟ್ ಶುರುವಾಗುವ ಮುನ್ನ ಅಷ್ಟು ಹೊತ್ತು ಮಷಿನ್ನನ್ನು ತಡೆದು ನಿಲ್ಲಿಸದಿದ್ದರೆ ಪ್ರತಿ ಜಾಬಿನ ಮೊದಲ ತೂತು ಒಣಗೇ ಆಗುತ್ತದೆ. ಟ್ಯಾಪ್ ಮುರಿಯುವುದು ಬಹಳ ಸಲ ಮೊದಲ ತೂತಿನಲ್ಲೇ ಏಕೆ ಎಂಬುದಕ್ಕೆ ಇದೊಂದು ಉತ್ತರ.

ಒಳಮಾರ್ಗದ ಟೂಲ್‌ಗಳಲ್ಲಿ ಕಾಣುವ ದೋಷ ಬೇರೆ. ಹೋಲ್ಡರಿನ ಒಳಗಿನ ನಳಿಗೆಗೂ ಡ್ರಿಲ್ಲಿನ ಹಿಂಬದಿಗೂ ನಡುವೆ ಅರ್ಧ ಮಿ.ಮೀ. ಸಂದು ಉಳಿದರೂ ಎಣ್ಣೆ ಅಲ್ಲಿ ನಿಂತು, ಒಮ್ಮೆಗೇ ಉಗುಳುತ್ತದೆ. ಒಂದು ಡ್ರಿಲ್ 800 ತೂತು ಮಾಡಿ ಅದರ ಜೊತೆಯದು 150ಕ್ಕೇ ಸೋಲುವಂಥ ಏರುಪೇರು ಕಂಡರೆ ಮೊದಲು ಆ ಸಂದನ್ನು ನೋಡಿ. ಇದಕ್ಕೆಂದೇ ಮಾಡಿದ ಡ್ರಿಲ್‌ಗಳಲ್ಲಿ ಹಿಂಬದಿ ಶಂಕುವಿನಾಕಾರಕ್ಕಿರುತ್ತದೆ, ಚಿಪ್ಸ್ ಏರುವ ಕಾಲುವೆ ಅಗಲವಾಗಿ ಪಾಲಿಶ್ ಆಗಿರುತ್ತದೆ, ತುದಿಯಿಂದ ಹಿಂದಕ್ಕೆ ವ್ಯಾಸ ಸ್ವಲ್ಪ ಹೆಚ್ಚೇ ಇಳಿದಿರುತ್ತದೆ. ಕೂಲೆಂಟಿಗೆ ಮಾಡಿದ ಡ್ರಿಲ್ಲನ್ನೇ ಹಾಕಿ ಈ ವಿಧಾನ ಸರಿಯಿಲ್ಲ ಎನ್ನುವುದು ನ್ಯಾಯವಲ್ಲ.

ಅನಾಥವಾಗುವ ಕೆಲಸಗಳು

ಚಿಪ್ಸ್ ಲೆಕ್ಕಕ್ಕೆ ಬರೋಣ. ನಿಮಿಷಕ್ಕೆ 785 ಗ್ರಾಂ, 400 ಡಿಗ್ರಿ. ಇದು ಟೇಬಲ್ ಮೇಲೆ ಗುಡ್ಡೆ ಬಿದ್ದರೆ ಮಷಿನ್ನಿನ ಎರಕವೇ ಕಾದು ಬಾಗುತ್ತದೆ. ಕೂಲೆಂಟ್ ಇದ್ದಾಗ ಕೊಚ್ಚಿಕೊಂಡು ಹೋಗುತ್ತಿತ್ತು, ಈಗ ಗುರುತ್ವವೇ ಸಾಗಿಸಬೇಕು. ಒಳಕವರುಗಳು ಕಡಿದಾದ ಇಳಿಜಾರಿನಲ್ಲಿರಬೇಕು, ಜಾಬ್ ಹಿಡಿದಿಡುವ ಫಿಕ್ಸ್ಚರ್‌ನಲ್ಲಿ ಚಪ್ಪಟೆ ಅಂಚು, ಬೋಲ್ಟಿನ ಗುಳಿ ಇರಬಾರದು. ಹಳೆ ಮಷಿನ್ನಿನಲ್ಲಿ ಇದು ಸಾಧ್ಯವಾಗದಿದ್ದರೆ ಹೀರುವ ಪೈಪು ಇಡಿ, ಇಲ್ಲವೇ ಪ್ರತಿ ಕೆಲವು ಜಾಬ್‌ಗಳಿಗೊಮ್ಮೆ ಗುಡಿಸುವ ನಿಯಮ ಮಾಡಿ. ತೂತಿನೊಳಗೆ ಸಿಕ್ಕ ಚಿಪ್ಸ್ ಮೇಲೆ ಟ್ಯಾಪ್ ಇಳಿದರೆ ಮುರಿಯುವುದು ಖಂಡಿತ. ಟ್ಯಾಪಿಂಗ್ ಮುನ್ನ ಗಾಳಿ ಊದುವ ಒಂದು ಹೆಜ್ಜೆಯನ್ನು ಪ್ರೋಗ್ರಾಮಿಗೆ ಸೇರಿಸಿ.

ಅಳತೆಯ ವಿಷಯ ಇನ್ನೂ ಸೂಕ್ಷ್ಮ. ಮೇಲಿನ ಟರ್ನಿಂಗ್‌ನಲ್ಲಿ ಶಾಖದ ಶೇ. 10 ಜಾಬ್‌ಗೆ ಹೋಯಿತೆನ್ನಿ, ಅದು 370 ವಾಟ್. 2 ಕಿಲೋ ತೂಕದ ಉಕ್ಕಿನ ಜಾಬ್ ಒಂದು ನಿಮಿಷದಲ್ಲಿ 23 ಡಿಗ್ರಿ ಕಾಯುತ್ತದೆ. 50 ಮಿ.ಮೀ. ವ್ಯಾಸ 13 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ.ನ ಎಚ್6 ದರ್ಜೆಯ ಶಾಫ್ಟಿನ ಪೂರ್ತಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) 16 ಮೈಕ್ರಾನ್! ಮಷಿನ್ ಮೇಲೆ ಸರಿಯಿದ್ದದ್ದು ಆರಿದ ಮೇಲೆ ಸಣ್ಣದಾಗುತ್ತದೆ. ಅಲ್ಯೂಮಿನಿಯಂ ಇದರ ಎರಡರಷ್ಟು ಹಿಗ್ಗುತ್ತದೆ: 200 ಮಿ.ಮೀ. ಅಂತರದ ಎರಡು ಬೋರ್‌ಗಳು 12 ಡಿಗ್ರಿ ಏರಿಕೆಗೆ 55 ಮೈಕ್ರಾನ್ ದೂರ ಸರಿಯುತ್ತವೆ. ಇದಕ್ಕೆ ಮದ್ದು ಕೆಲಸದ ಕ್ರಮ ಬದಲಿಸುವುದು. ರಫಿಂಗ್ ಎಲ್ಲ ಮೊದಲು ಮುಗಿಸಿ, ಜಾಬ್ ಆರಲು ಬಿಟ್ಟು ಅಥವಾ ಇನ್ನೊಂದು ಜಾಬಿನ ರಫಿಂಗ್ ನಡುವೆ ಸೇರಿಸಿ, ಆಮೇಲೆ ಫಿನಿಶಿಂಗ್. ಕೆಲಸ ಶುರುವಾದಾಗಿನ ಮೊದಲ ಹತ್ತು ಜಾಬ್‌ಗಳನ್ನೂ ಊಟದ ಬಿಡುವಿನ ನಂತರದ್ದನ್ನೂ ಪ್ರತ್ಯೇಕವಾಗಿ, 20 ಡಿಗ್ರಿಗೆ ಆರಿದ ಮೇಲೆ ಅಳೆಯಿರಿ. ಏರುಪೇರು ಅಲ್ಲೇ ಸಿಗುತ್ತದೆ.

ತುಕ್ಕು ಸದ್ದಿಲ್ಲದ ಕಳ್ಳ. ಒಣಗಿದ ಉಕ್ಕಿನ ಮೈ ಮೇಲೆ ಬೆವರಿನ ಬೆರಳಚ್ಚು ಮರುದಿನವೇ ಕಂದಾಗುತ್ತದೆ. ಕೈಗವಸು, ಕೂಡಲೇ ತುಕ್ಕುನಿರೋಧಕ ಎಣ್ಣೆಯಲ್ಲಿ ಅದ್ದುವುದು, ತುಕ್ಕು ತಡೆಯುವ ಕಾಗದದಲ್ಲಿ ಸುತ್ತುವುದು, ಇವುಗಳಲ್ಲಿ ಒಂದನ್ನು ಮೊದಲ ದಿನದಿಂದಲೇ ಜಾರಿಗೆ ತನ್ನಿ.

ಯಾವ ಲೋಹಕ್ಕೆ ಯಾವುದು? ಬೂದು ಕಾಸ್ಟ್ ಐರನ್ ತನ್ನ ಗ್ರಾಫೈಟಿನಿಂದಲೇ ಜಾರಿಕೆ ಕೊಟ್ಟುಕೊಳ್ಳುತ್ತದೆ, ಪೂರ್ತಿ ಒಣಗಿಸಿಯೇ ಮಾಡಬಹುದು, ಧೂಳು ಹೀರುವ ವ್ಯವಸ್ಥೆ ಮಾತ್ರ ಬೇಕು. ಉಕ್ಕಿಗೆ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಹಾಕಿದ ಕಾರ್ಬೈಡ್ ಒಳ್ಳೆಯದು. ಕಾದಾಗ ಅದರ ಮೈ ಮೇಲೆ ಅಲ್ಯೂಮಿನಾ ಪದರ ಹುಟ್ಟಿ ಅದೇ ಗುರಾಣಿಯಾಗುತ್ತದೆ. ಅಲ್ಯೂಮಿನಿಯಂಗೆ ಆ ಕೋಟಿಂಗ್ ಬೇಡ, ಲೋಹ ಅಂಟುತ್ತದೆ. ವಜ್ರದಂಥ ಕಾರ್ಬನ್ ಕೋಟಿಂಗ್ ಅಥವಾ ಪಾಲಿಶ್ ಮಾಡಿದ ಬರೀ ಕಾರ್ಬೈಡ್ ಸರಿ. ಅದನ್ನು ಪೂರ್ತಿ ಒಣಗಿಸಿ ಕೊರೆದರೆ ಕಾಲುವೆಯಲ್ಲಿ ಲೋಹ ಮೆತ್ತಿಕೊಂಡು ಡ್ರಿಲ್ ಸಿಕ್ಕಿಬೀಳುತ್ತದೆ, ಹನಿಯೆಣ್ಣೆ ಬೇಕೇ ಬೇಕು. ಮೆಗ್ನೀಸಿಯಂನಲ್ಲಿ ಹರಿತವಾದ ಟೂಲ್ ಮಾತ್ರ, ಉಜ್ಜುತ್ತ ನಿಲ್ಲುವಂತಿಲ್ಲ, ಪಕ್ಕದಲ್ಲಿ ಒಣ ಮರಳು ಅಥವಾ ಲೋಹದ ಬೆಂಕಿಗೆ ಮಾಡಿದ ನಂದಕ ಇರಲೇಬೇಕು, ನೀರು ತಾಗಿಸಬಾರದು. ಅಲ್ಯೂಮಿನಿಯಂ ಧೂಳನ್ನೂ ಉಕ್ಕಿನ ಕಿಡಿಯನ್ನೂ ಒಂದೇ ಹೀರುನಾಳಕ್ಕೆ ಬಿಡಬೇಡಿ.

ಟೈಟಾನಿಯಂ ಮತ್ತು ನಿಕ್ಕೆಲ್ ಮಿಶ್ರಲೋಹಗಳು ಬೇರೆ ಜಾತಿ. ಮಾಮೂಲಿ ಉಕ್ಕು ಶಾಖವನ್ನು ಸಾಗಿಸುವ ಶಕ್ತಿ ಸುಮಾರು 50 ವಾಟ್ ಪ್ರತಿ ಮೀಟರ್ ಕೆಲ್ವಿನ್ ಇದ್ದರೆ, ಬಹುಬಳಕೆಯ ಟೈಟಾನಿಯಂ 6ಎಎಲ್-4ವಿಯದು 7. ಶಾಖ ಅಂಚಿನಲ್ಲೇ ಕೂರುತ್ತದೆ. ಇಲ್ಲಿ ಹನಿಯೆಣ್ಣೆ ಸಾಮಾನ್ಯವಾಗಿ ಸಾಲದು. −196 ಡಿಗ್ರಿಯ ದ್ರವ ಸಾರಜನಕ ಅಥವಾ ಇಂಗಾಲದ ಡೈಆಕ್ಸೈಡನ್ನು ಟೂಲಿನ ಮೂಲಕ ಬಿಡುವ ಪದ್ಧತಿಗಳಿವೆ. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಸದ್ದಿಲ್ಲದೆ ಆಮ್ಲಜನಕವನ್ನು ತಳ್ಳಿಹಾಕುತ್ತದೆ. ಆಮ್ಲಜನಕ ಶೇ. 19.5ಕ್ಕೆ ಇಳಿದರೆ ಕೂಗುವ ಅಲಾರಂ ಇಲ್ಲದೆ ಇದನ್ನು ಮುಟ್ಟಬಾರದು. ಸಣ್ಣ ಶಾಪ್‌ಗಳಿಗೆ ನಮ್ಮ ಸಲಹೆ, ಈ ಲೋಹಗಳಿಗೆ ಒಳ್ಳೆಯ ಸ್ಥಿತಿಯ ಕೂಲೆಂಟನ್ನೇ ಇಟ್ಟುಕೊಳ್ಳಿ.

ಗ್ರೈಂಡಿಂಗ್‌ನಲ್ಲೂ ದ್ರವವನ್ನು ಪೂರ್ತಿ ಕೈಬಿಡುವಂತಿಲ್ಲ, ಆದರೆ ಕಡಿಮೆ ಮಾಡಬಹುದು. ತಿರುಗುವ ಚಕ್ರ ತನ್ನ ಸುತ್ತ ಗಾಳಿಯ ಗೋಡೆ ಕಟ್ಟಿಕೊಂಡಿರುತ್ತದೆ, ನಿಧಾನದ ಧಾರೆ ಅದಕ್ಕೆ ಬಡಿದು ಚೆಲ್ಲಿಹೋಗುತ್ತದೆ. ಧಾರೆಯ ವೇಗ ಚಕ್ರದ ವೇಗಕ್ಕೆ ಸಮನಾಗಿರಬೇಕು. ಚಕ್ರ ಸೆಕೆಂಡಿಗೆ 30 ಮೀಟರ್ ಇದ್ದರೆ ನಾಝಲ್ ಬಾಯಲ್ಲಿ 4.5 ಬಾರ್ ಒತ್ತಡ ಬೇಕಾಗುತ್ತದೆ. ಅಗಲ ಬಾಯಿಯ ಪೈಪು ತೆಗೆದು, ಒಳಗೆ ನುಣುಪಾದ, ತುದಿಯಲ್ಲಿ ಚೂಪಾದ ಅಂಚಿನ ನಾಝಲ್ ಹಾಕಿ, ಗಾಳಿ ತಡೆಯುವ ತಗಡನ್ನು ಚಕ್ರಕ್ಕೆ ಒತ್ತಾಗಿ ಕೂರಿಸಿದರೆ, ಕಡಿಮೆ ದ್ರವದಲ್ಲಿ ಸುಟ್ಟ ಕಲೆ ಬರದಂತೆ ಮಾಡಬಹುದು.

ಶುರುಮಾಡುವುದು ಎಲ್ಲಿಂದ ಎಂದರೆ, ಒಂದೇ ಜಾಬ್ ಹೆಚ್ಚು ಸಂಖ್ಯೆಯಲ್ಲಿ ಓಡುವ, ಟಾಲರೆನ್ಸ್ ಸಡಿಲವಿರುವ, ತೂತು ಕಡಿಮೆಯಿರುವ ಒಂದು ಮಿಲ್ಲಿಂಗ್ ಕೆಲಸದಿಂದ. ನಾಲ್ಕು ವಾರ ಕೂಲೆಂಟಿನಲ್ಲಿ ಓಡಿಸಿ ಇನ್ಸರ್ಟ್ ಎಷ್ಟು ಜಾಬ್ ಬಾಳಿತು, ಸ್ಪಿಂಡಲ್ ಲೋಡ್ ಎಷ್ಟು, ರಿಜೆಕ್ಟ್ ಎಷ್ಟು ಎಂದು ಬರೆದಿಡಿ. ಆಮೇಲೆ ನಾಲ್ಕು ವಾರ ಹೊಸ ವಿಧಾನ. ಒಂದೇ ಸಲಕ್ಕೆ ವೇಗ, ಟೂಲ್, ಎಣ್ಣೆ ಮೂರನ್ನೂ ಬದಲಿಸಬೇಡಿ, ಏನು ಕೆಟ್ಟಿತು ಎಂಬುದೇ ತಿಳಿಯದು.

ಹೊಸ ವಿಧಾನ ನೆಲೆಗೊಂಡ ಮಷಿನ್ನಿನಲ್ಲಿ ಕೊನೆಯ ಟ್ಯಾಂಕ್ ದ್ರವ ಉಳಿಯುತ್ತದಲ್ಲ, ಅದನ್ನು ಚರಂಡಿಗೆ ಬಿಡುವಂತಿಲ್ಲ. ಎಣ್ಣೆಯನ್ನು ನೀರಿನಲ್ಲಿ ಹಿಡಿದಿಡಲೆಂದೇ ಮಾಡಿದ ಮಿಶ್ರಣವದು, ಎಣ್ಣೆ ತೇಲಿಸುವ ಗುಂಡಿಯಲ್ಲಿ ಬೇರಾಗುವುದಿಲ್ಲ, ನೇರವಾಗಿ ಹೊರಟುಹೋಗುತ್ತದೆ. ಆಮ್ಲ ಅಥವಾ ಲವಣ ಹಾಕಿ ಒಡೆಯಬೇಕು, ಇಲ್ಲವೇ ಸೂಕ್ಷ್ಮ ಪೊರೆಯಲ್ಲಿ ಸೋಸಬೇಕು. ಸ್ವಂತ ವ್ಯವಸ್ಥೆ ಇಲ್ಲದವರು ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಕೊಡಬೇಕು. ಖಾಲಿ ಮಾಡುವ ಹಿಂದಿನ ದಿನ ಟ್ಯಾಂಕ್ ಕ್ಲೀನರ್ ಬೆರೆಸಿ ಪಂಪು ಓಡಿಸಿ, ಗೋಡೆಗೆ ಅಂಟಿದ ಲೋಳೆ ಬಿಡುತ್ತದೆ. ಆಮೇಲೆ ತಳದ ಕೆಸರು ಕೆರೆದು, ಪೈಪುಗಳಲ್ಲಿ ಉಳಿದದ್ದನ್ನು ಗಾಳಿ ಊದಿ ತೆಗೆದು, ಒಳಗೋಡೆ ಒರೆಸಿ ಒಣಗಿಸಿ. ಮೂಲೆಯಲ್ಲಿ ಒಂದು ಲೀಟರ್ ಹಳೆ ಕೂಲೆಂಟ್ ಉಳಿದರೂ ಸಾಕು, ಒಣ ಮಷಿನ್ನಿನಿಂದಲೂ ಮತ್ತೆ ಅದೇ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ.